ಎಷ್ಟು ಕರೆಂಟ್ ಬಂದರೆ ಸಾಕು? ಶರಾವತಿ ಹಿನ್ನೀರಿನಿಂದ ಒಂದು ಪ್ರಶ್ನೆ

ಹಿನ್ನೀರಿನವ:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ತಾಳ್ಮೆಯಿಂದ ಓದಿ.

ನಾನು ಸಾಗರ ತಾಲ್ಲೂಕಿನವನು. ಹೊಳೆಯಾಚೆ, ಕರೂರು ಹೋಬಳಿ. ನಮ್ಮಜ್ಜನ ಗದ್ದೆ, ತೋಟ, ಮನೆ ಎಲ್ಲಾ ಲಿಂಗನಮಕ್ಕಿ ನೀರಿನಡಿ ಇವೆ. ಅಣೆಕಟ್ಟು ಮುಗಿದದ್ದು 1964ರಲ್ಲಿ. ಆ ನೀರಿನಿಂದ ನಡೆಯುವ ಶರಾವತಿ ವಿದ್ಯುದಾಗಾರದ ಶಕ್ತಿ 1,035 ಮೆಗಾವ್ಯಾಟ್. ಅಲ್ಲಿಂದ ತಂತಿ ಎಲ್ಲೆಲ್ಲಿಗೋ ಹೋಯಿತು. ನಮ್ಮಪ್ಪ ಮಾತ್ರ ಚಿಮಣಿ ಬುಡ್ಡಿಯ ಬೆಳಕಲ್ಲಿ ಓದಿದರು. ಆಸ್ಪತ್ರೆಗೆ ಹೋಗಬೇಕಾದರೆ ಅಂಬಾರಗೋಡ್ಲು ದಡದಲ್ಲಿ ಲಾಂಚ್ ಕಾಯಬೇಕಿತ್ತು, ಸಂಜೆ ಲಾಂಚ್ ನಿಂತರೆ ಬೆಳಗಿನವರೆಗೆ ದೇವರೇ ಗತಿ. ಸೇತುವೆ ಆದದ್ದು 2025ರ ಜುಲೈನಲ್ಲಿ. ಲೆಕ್ಕ ಹಾಕಿ, ಅಣೆಕಟ್ಟಾಗಿ 61 ವರ್ಷಕ್ಕೆ.

ಬೇಸಿಗೆಯಲ್ಲಿ ನೀರು ತೀರಾ ಇಳಿದಾಗ ಹಳೆಯ ಹಿರೇಭಾಸ್ಕರ ಅಣೆಕಟ್ಟು ಹೊರಗೆ ಕಾಣುತ್ತದೆ. ಮೊದಲು ಕಟ್ಟಿದ್ದು ಅದು. ಅದು ಸಾಲದಾಯಿತು, ದೊಡ್ಡದು ಕಟ್ಟಿದರು, ಚಿಕ್ಕದು ದೊಡ್ಡದರ ನೀರಲ್ಲಿ ಮುಳುಗಿತು. ಈಗ ದೊಡ್ಡದೂ ಸಾಲದಾಗಿದೆ. ಅದೇ ಕಣಿವೆಯಲ್ಲಿ 2,000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್, ಅಂದರೆ ನೀರನ್ನು ಮೇಲೆತ್ತಿಟ್ಟು ಬೇಕಾದಾಗ ಕೆಳಗೆ ಬಿಟ್ಟು ಕರೆಂಟ್ ತೆಗೆಯುವ ವ್ಯವಸ್ಥೆ, ಮಾಡುವ ಯೋಜನೆ. ಮೇಲೆ ತಲಕಳಲೆ ಜಲಾಶಯ, ಕೆಳಗೆ ಗೇರುಸೊಪ್ಪ ಜಲಾಶಯ, ಮಧ್ಯೆ ಗುಡ್ಡದೊಳಗೆ ಸುರಂಗ. ಜಾಗ ಸಿಂಗಳೀಕಗಳ ಅಭಯಾರಣ್ಯದ್ದು.

ಇದರ ಪರ, ವಿರೋಧ ಎರಡೂ ಸಾಕಷ್ಟು ಕೇಳಿದ್ದೇವೆ. ನಾನು ಕೇಳುವುದು ಅದರ ಹಿಂದಿನ ಪ್ರಶ್ನೆ. ಇದೂ ಸಾಲದು ಅಂತಾದ ಮೇಲೆ ಮುಂದೇನು? ಹೊರದೇಶಗಳಲ್ಲಿ ಡಿಗ್ರೋತ್ ಅಂತ ಒಂದು ವಿಚಾರ ಮಾತಾಡುತ್ತಾರಲ್ಲ, ಭೂಮಿ ತಾಳುವಷ್ಟಕ್ಕೆ ಬಳಕೆ ಇಳಿಸಬೇಕು, ಬೆಳವಣಿಗೆಯನ್ನೇ ಗುರಿ ಮಾಡಿಕೊಳ್ಳಬಾರದು ಅಂತ. ಅದು ನಮಗೆ ಅನ್ವಯಿಸುತ್ತದಾ? ಬೈಯುವುದಿದ್ದರೂ ಬೈಯಿರಿ, ಆದರೆ ಯೋಚಿಸಿ ಬರೆಯಿರಿ.

ಗ್ರಿಡ್ ಗೆಳೆಯ:
ನಾನು ವಿದ್ಯುತ್ ಕ್ಷೇತ್ರದಲ್ಲೇ ಕೆಲಸ ಮಾಡುವವನು. ಮೊದಲು ಈ ಪಂಪ್ಡ್ ಸ್ಟೋರೇಜ್ ಯಾಕೆ ಬೇಕು ಅನ್ನುತ್ತಿದ್ದಾರೆ ಅಂತ ಹೇಳಿಬಿಡುತ್ತೇನೆ, ಆಮೇಲೆ ನನ್ನ ಅನುಮಾನ.

ನಮ್ಮ ರಾಜ್ಯದಲ್ಲಿ ಸೋಲಾರ್ ಜಾಸ್ತಿ. ಹಗಲಲ್ಲಿ ಬೇಡಿಕೆ ಎಷ್ಟೇ ಏರಿದರೂ ಬಿಸಿಲು ಕೈ ಹಿಡಿಯುತ್ತದೆ. ಕಷ್ಟ ಶುರುವಾಗುವುದು ಸಂಜೆ 6ಕ್ಕೆ. ಬಿಸಿಲು ಹೋಗಿರುತ್ತದೆ, ಅದೇ ಹೊತ್ತಿಗೆ ಎಲ್ಲ ಮನೆಯಲ್ಲೂ ಲೈಟು, ಟಿವಿ, ಮಿಕ್ಸಿ, ಎಸಿ. ಗಾಳಿ ಬೀಸಿದರೆ ಬೀಸಿತು. ಆ ನಾಲ್ಕೈದು ಗಂಟೆಗೋಸ್ಕರ ಕಲ್ಲಿದ್ದಲು ಉರಿಸಬೇಕು, ಅಥವಾ ಹಗಲಿನದ್ದನ್ನು ಕೂಡಿಡಬೇಕು. ನೀರನ್ನು ಮೇಲೆತ್ತಿ ಇಡುವುದು ಕೂಡಿಡುವ ಹಳೆಯ ವಿಧಾನ. 100 ಯೂನಿಟ್ ಖರ್ಚು ಮಾಡಿ ಎತ್ತಿದರೆ 75ರಿಂದ 80 ವಾಪಸ್ ಬರುತ್ತದೆ. ಅಂದರೆ ಅದು ಹೊಸದಾಗಿ ಏನೂ ಉತ್ಪಾದಿಸುವುದಿಲ್ಲ. ಹೊತ್ತನ್ನು ಬದಲಿಸಿಕೊಡುತ್ತದೆ, ಅದಕ್ಕೆ ನಾಲ್ಕನೇ ಒಂದು ಭಾಗದಷ್ಟು ಸುಂಕ ತೆಗೆದುಕೊಳ್ಳುತ್ತದೆ. ಕಲ್ಲಿದ್ದಲು ಬಿಡಬೇಕು ಅನ್ನುವವರು ಇಂಥದ್ದು ಯಾವುದೂ ಬೇಡ ಅಂದರೆ ನನಗೆ ಉತ್ತರ ಗೊತ್ತಿಲ್ಲ, ನಿಜ ಹೇಳುತ್ತೇನೆ.

ನನ್ನ ಅನುಮಾನ ಇದು. ಬೇಡಿಕೆ ವರ್ಷಕ್ಕೆ 7% ಏರುತ್ತಾ ಹೋದರೆ 10 ವರ್ಷಕ್ಕೆ ಎರಡು ಪಟ್ಟು. 20ಕ್ಕೆ ನಾಲ್ಕು ಪಟ್ಟು. 30ಕ್ಕೆ ಎಂಟು ಪಟ್ಟು. ಶರಾವತಿ ಒಂದೇ. ಎಂಟು ಶರಾವತಿ ಎಲ್ಲಿಂದ ತರುವುದು? ಈ ಲೆಕ್ಕಕ್ಕೆ ಇಂಜಿನಿಯರಿಂಗ್ ಏನೂ ಬೇಡ, ಬಡ್ಡಿ ಲೆಕ್ಕ ಗೊತ್ತಿದ್ದರೆ ಸಾಕು. ಆದರೂ ನಮ್ಮ ಮೀಟಿಂಗುಗಳಲ್ಲಿ ಬೇಡಿಕೆ ಅಂದರೆ ಮಳೆ ಇದ್ದಂತೆ, ಮೇಲಿಂದ ಬರುತ್ತದೆ, ನಾವು ಪಾತ್ರೆ ಇಡುತ್ತಾ ಹೋಗಬೇಕು ಅನ್ನುವಂತೆ ಮಾತಾಡುತ್ತಾರೆ.

ಕೃಷ್ಣಾ ತೀರ:
ನಾನು ರಾಯಚೂರು ಜಿಲ್ಲೆಯವಳು. ಕೋಪ ಬಂದೇ ಬರೆಯುತ್ತಿದ್ದೇನೆ, ಹಿನ್ನೀರಿನ ಅಣ್ಣ ತಪ್ಪು ತಿಳಿಯಬೇಡಿ.

ನಮ್ಮ ಕಡೆ ಮೇ ತಿಂಗಳಲ್ಲಿ 42, 43 ಡಿಗ್ರಿ. ರಾತ್ರಿ 11 ಗಂಟೆಗೂ ಗೋಡೆ ಮುಟ್ಟಿದರೆ ಬಿಸಿ. ನಮ್ಮವ್ವ ಸೀರೆ ಒದ್ದೆ ಮಾಡಿ ಹೊದ್ದು ಮಲಗುತ್ತಾಳೆ. ಫ್ಯಾನ್ ನಿಂತರೆ ಎದ್ದು ಬಾಗಿಲಲ್ಲಿ ಕೂರುತ್ತಾಳೆ. ರಾಜ್ಯಕ್ಕೆಲ್ಲಾ ಕರೆಂಟ್ ಕೊಡುವ ಕಲ್ಲಿದ್ದಲು ಸ್ಥಾವರಗಳು ನಮ್ಮ ಕಡೆಯೇ ಇವೆ, ಬೂದಿ ನಮಗೆ, ತಂಪು ಬೇರೆಯವರಿಗೆ. ಅಂಥವರ ಮುಂದೆ ಬಂದು ಕಡಿಮೆ ಮಾಡಿ ಅಂದರೆ ಏನು ಅರ್ಥ? ಏನನ್ನು ಕಡಿಮೆ ಮಾಡಬೇಕು? ಫ್ಯಾನಾ?

2023-24ರ ಲೆಕ್ಕದಲ್ಲಿ ಭಾರತದ ಒಬ್ಬ ಮನುಷ್ಯನ ಪಾಲಿಗೆ ವರ್ಷಕ್ಕೆ ಸುಮಾರು 1,395 ಯೂನಿಟ್. ಅದರಲ್ಲಿ ಕಾರ್ಖಾನೆ, ರೈಲು, ಪಂಪ್‌ಸೆಟ್ ಎಲ್ಲಾ ಸೇರಿದೆ. ಅಮೆರಿಕದಲ್ಲಿ 12,000 ದಾಟುತ್ತದೆ. ಬೆಳೆದು ಮುಗಿಸಿದವರು ಬೆಳವಣಿಗೆ ಸಾಕು ಅನ್ನುವುದು ಉಂಡವರು ಹಸಿದವರಿಗೆ ಉಪವಾಸದ ಮಹಿಮೆ ಹೇಳಿದ ಹಾಗೆ. ಇಳಿಸಬೇಕಾದವರು ಇಳಿಸಲಿ. ನಮಗೆ ಇನ್ನೂ ಏರಬೇಕಾದದ್ದಿದೆ.

ಹಿನ್ನೀರಿನವ:
ಅಕ್ಕ, ನಿಮ್ಮ ಕೋಪ ನನಗೂ ಇದೆ, ಅದಕ್ಕೇ ಬರೆದೆ. ಕತ್ತಲಲ್ಲಿ ಕೂತವರ ಮನೆಯಿಂದ ಬಂದವನು ನಾನು. ನಿಮ್ಮವ್ವನ ಫ್ಯಾನ್ ನಿಲ್ಲಿಸಿ ಅನ್ನುವ ಮಾತು ಯಾರೇ ಹೇಳಿದರೂ ನಾನು ಅವರ ಕಡೆ ಇಲ್ಲ. ಆದರೆ ಒಂದು ಕೇಳುತ್ತೇನೆ. ನಮ್ಮ ಹೆಸರಲ್ಲಿ, ಬಡವರಿಗೆ ಕರೆಂಟ್ ಬೇಕು ಅಂತ ಹೇಳಿ ಕಟ್ಟಿದ್ದೆಲ್ಲಾ ನಮ್ಮ ಮನೆಗೆ ಬಂತಾ? 61 ವರ್ಷ ಸೇತುವೆಯೇ ಇರಲಿಲ್ಲ. ಒಟ್ಟು ಹೆಚ್ಚು ಮಾಡಿದರೆ ತಾನಾಗಿ ಕೆಳಗೆ ಹರಿಯುತ್ತದೆ ಅನ್ನುವುದನ್ನು ನಾನು ನಂಬುವುದು ಬಿಟ್ಟಿದ್ದೇನೆ.

ಕೋಲಾರದ ರೈತ:
ಸರ್, ನೀವೆಲ್ಲಾ ಮೆಗಾವ್ಯಾಟ್ ಮಾತಾಡುತ್ತಿದ್ದೀರಿ. ನಾನು ಬೋರ್‌ವೆಲ್ ಲೆಕ್ಕ ಹೇಳುತ್ತೇನೆ. ನಾನು ಇದನ್ನು ನನ್ನ ಮಗನಿಗೆ ಕಾಗದದ ಮೇಲೆ ಬರೆದು ತೋರಿಸಿದ್ದೆ.

ನಮ್ಮ ತಾತನ ಕಾಲದಲ್ಲಿ ಬಾವಿ. 30 ಅಡಿಗೆ ನೀರು. ಕಪಿಲೆ ಕಟ್ಟಿ ಎತ್ತಿನಿಂದ ಎಳೆಸುತ್ತಿದ್ದರು. ಅದೇ ಹೊಲದಲ್ಲಿ ಈಗ ನೀರು ಬರುವುದು 1,200 ಅಡಿಯಿಂದ. ನೀರು ಅದೇ ನೀರು, ಹೊಲ ಅದೇ ಹೊಲ. ಆಳ 40 ಪಟ್ಟು. 1,000 ಲೀಟರ್ ನೀರನ್ನು 30 ಅಡಿ ಎತ್ತಲು ಬೇಕಾದ ಶಕ್ತಿ ಒಂದು ಯೂನಿಟ್ಟಿನ ನಲವತ್ತನೇ ಒಂದು ಭಾಗ. 1,200 ಅಡಿ ಎತ್ತಲು ಪೂರ್ತಿ ಒಂದು ಯೂನಿಟ್. ಇದು ಬರೀ ಭಾರ ಎತ್ತುವ ಲೆಕ್ಕ. ಮೋಟಾರು, ಪೈಪು ಎಲ್ಲದರ ನಷ್ಟ ಸೇರಿದರೆ ಎರಡು ಯೂನಿಟ್ ಹಿಡಿಯಿರಿ. ಒಂದು ಬೋರ್ ಕೊರೆಸಿ ನೀರು ಸಿಗದೆ ಮುಚ್ಚಿದ್ದನ್ನು, ಇನ್ನೊಂದು ಕೊರೆಸಿದ್ದನ್ನು, ಕೇಬಲ್ಲು, ಕೇಸಿಂಗು, ಪಂಪ್ ಎತ್ತುವ ಗಾಡಿಯವರ ಕೂಲಿ, ಇದನ್ನೆಲ್ಲಾ ನಾನು ಸೇರಿಸಿಲ್ಲ.

ಟೊಮ್ಯಾಟೊ ಮಾತ್ರ ತಾತನ ಕಾಲದ್ದಕ್ಕಿಂತ 40 ಪಟ್ಟು ರುಚಿ ಆಗಲಿಲ್ಲ.

ಈ ಖರ್ಚೆಲ್ಲಾ ದೇಶದ ಲೆಕ್ಕದ ಪುಸ್ತಕದಲ್ಲಿ ಬೆಳವಣಿಗೆ ಅಂತ ಬರೆಯುತ್ತಾರಂತೆ, ನನ್ನ ಮಗ ಹೇಳಿದ. ಪೈಪು ಮಾರಿದ್ದು ಬೆಳವಣಿಗೆ, ರಿಗ್ ಓಡಿದ್ದು ಬೆಳವಣಿಗೆ, ಕರೆಂಟ್ ಸುಟ್ಟಿದ್ದು ಬೆಳವಣಿಗೆ. ಬಾವಿ ಬತ್ತಿದ್ದನ್ನು ಎಲ್ಲಿ ಬರೆದರು? ಎಲ್ಲೂ ಬರೆಯಲಿಲ್ಲ. ಮಿತಿ ದಾಟುವುದು ಅಂದರೆ ನನಗೆ ಗೊತ್ತಿರುವುದು ಇದೇ. ಒಂದು ದಿನ ದಪ್ಪ ಅಂತ ನಿಲ್ಲುವುದಿಲ್ಲ. ಅದೇ ಒಂದು ಕೊಡ ನೀರಿಗೆ ಪ್ರತಿ ವರ್ಷ ಜಾಸ್ತಿ ಜಾಸ್ತಿ ತೆರಬೇಕಾಗುತ್ತದೆ.

ಗ್ರಿಡ್ ಗೆಳೆಯ:
ಸರ್, ಇಷ್ಟು ಚೆನ್ನಾಗಿ ನಮ್ಮ ಇಲಾಖೆಯವರೂ ವಿವರಿಸಿದ್ದು ನಾನು ಕೇಳಿಲ್ಲ. ಪೆಟ್ರೋಲಿಯಂನಲ್ಲೂ ಕಲ್ಲಿದ್ದಲಿನಲ್ಲೂ ಇದೇ ಕಥೆ. ಸುಲಭದ್ದು ಮೊದಲು ಮುಗಿಯುತ್ತದೆ, ಆಮೇಲೆ ಆಳಕ್ಕೆ, ಸಮುದ್ರಕ್ಕೆ, ಬಂಡೆಯೊಳಕ್ಕೆ ಹೋಗಬೇಕು. ಶಕ್ತಿ ತೆಗೆಯಲು ಹಾಕಬೇಕಾದ ಶಕ್ತಿ ಏರುತ್ತಾ ಹೋಗುತ್ತದೆ.

ಒಂದು ಸೇರಿಸುತ್ತೇನೆ. ದೇಶದಲ್ಲಿ ಅಂತರ್ಜಲ ಎತ್ತುವುದು ವರ್ಷಕ್ಕೆ ಸುಮಾರು 240 ಲಕ್ಷ ಕೋಟಿ ಲೀಟರ್‌ನ ಆಸುಪಾಸು. ಅಮೆರಿಕ, ಚೀನಾ ಎರಡೂ ಸೇರಿ ಎತ್ತುವುದಕ್ಕಿಂತ ಜಾಸ್ತಿ. ನಮ್ಮಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟ್ ಉಚಿತ. ರೈತರನ್ನು ದೂರುತ್ತಿಲ್ಲ. ಆದರೆ 2023 ನೆನಪಿದೆಯಾ? 236 ತಾಲ್ಲೂಕಲ್ಲಿ 223 ಬರಪೀಡಿತ ಅಂತ ಘೋಷಣೆಯಾದ ವರ್ಷ. ಮಳೆ ಇಲ್ಲ, ಹಾಗಾಗಿ ಅಣೆಕಟ್ಟಲ್ಲಿ ನೀರಿಲ್ಲ, ಜಲವಿದ್ಯುತ್ ಕಡಿಮೆ. ಮಳೆ ಇಲ್ಲ, ಹಾಗಾಗಿ ಎಲ್ಲರೂ ಪಂಪ್ ಹಾಕಿದರು, ಬೇಡಿಕೆ ಜಾಸ್ತಿ. ಎರಡೂ ಒಂದೇ ಕಾರಣಕ್ಕೆ, ಒಂದೇ ತಿಂಗಳಲ್ಲಿ. ಪಂಪ್ ಓಡಿಸಲು ದಿನಕ್ಕೆ 7 ಗಂಟೆ ಕೊಡುತ್ತಿದ್ದ ತ್ರೀ ಫೇಸ್ ಕರೆಂಟ್ ಅಕ್ಟೋಬರ್‌ನಲ್ಲಿ 5 ಗಂಟೆಗೆ ಇಳಿಯಿತು, ರೈತರು ಬೀದಿಗೆ ಬಂದರು. ಶಕ್ತಿಯ ಕೊರತೆ, ನೀರಿನ ಕೊರತೆ ಅಂತ ಬೇರೆ ಬೇರೆ ಇಲಾಖೆ ಇದೆ. ನೆಲದ ಮೇಲೆ ಅದು ಒಂದೇ.

ಹತ್ತನೇ ಮಹಡಿ:
ಬೆಂಗಳೂರಿನಿಂದ. ಇದನ್ನು ಓದುತ್ತಾ ನಮ್ಮ ನಲ್ಲಿ ನೀರಿನ ಲೆಕ್ಕ ಹಾಕಿದೆ. ಕಾವೇರಿ ನೀರು ಟಿ.ಕೆ. ಹಳ್ಳಿಯ ಪಂಪಿಂಗ್ ಕೇಂದ್ರದಿಂದ ಸುಮಾರು 100 ಕಿಲೋಮೀಟರ್ ದೂರ ಬರಬೇಕು, ಸುಮಾರು 500 ಮೀಟರ್ ಮೇಲಕ್ಕೆ ಹತ್ತಬೇಕು. ಕೋಲಾರದ ಅಣ್ಣನ ಲೆಕ್ಕದಂತೆಯೇ 1,000 ಲೀಟರಿಗೆ ಕನಿಷ್ಠ 1.36 ಯೂನಿಟ್, ನಷ್ಟ ಸೇರಿ ಎರಡರ ಹತ್ತಿರ. ಅದು ಬರೀ ಊರೊಳಗೆ ಬರಲು. ಆಮೇಲೆ ಸಂಪಿನಿಂದ ನಮ್ಮ ಮಹಡಿಗೆ ಮತ್ತೆ ಪಂಪ್. 2024ರ ಬೇಸಿಗೆಯಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಎರಡೂ ಬೋರ್ ಒಣಗಿ ಟ್ಯಾಂಕರಿಗೆ ಕಾದು ಕೂತಾಗಲೂ ಪಕ್ಕದ ಬ್ಲಾಕಿನಲ್ಲಿ ಕಾರು ತೊಳೆಯುವುದು ನಿಂತಿರಲಿಲ್ಲ. ಆ ಪೈಪಿನಲ್ಲಿ ಹೋಗುತ್ತಿದ್ದದ್ದು ನೀರು ಅಂತ ಮಾತ್ರ ಅಂದುಕೊಂಡಿದ್ದೆ. ಕರೆಂಟೂ ಹರಿಯುತ್ತಿತ್ತು.

ಬಿ.ಎ. ಅರ್ಥಶಾಸ್ತ್ರ:
ನನ್ನದು ಬೇರೆ ಮಾತು. ಬೆಳವಣಿಗೆ ನಿಂತರೆ ಮೊದಲು ಕೆಲಸ ಹೋಗುವುದು ನಮ್ಮಂಥವರದ್ದು. 2020ರಲ್ಲಿ ನೋಡಲಿಲ್ಲವಾ? ಲಾಕ್‌ಡೌನ್‌ನಲ್ಲಿ ಆಕಾಶ ನೀಲಿ ಆಯಿತು ಅಂತ ಫೋಟೋ ಹಾಕಿದರು, ಅದೇ ವಾರ ಜನ ಮೂಟೆ ಹೊತ್ತು ಹೆದ್ದಾರಿಯಲ್ಲಿ ನಡೆದರು. ಸರ್ಕಾರಕ್ಕೆ ತೆರಿಗೆ ಬರುವುದೇ ವಹಿವಾಟಿನಿಂದ. ಸಾಲ ತೀರಿಸುವುದು ನಾಳೆ ಇವತ್ತಿಗಿಂತ ಜಾಸ್ತಿ ಗಳಿಸುತ್ತೇವೆ ಅನ್ನುವ ನಂಬಿಕೆಯ ಮೇಲೆ. ಅದನ್ನು ತೆಗೆದರೆ ಶಾಲೆ, ಆಸ್ಪತ್ರೆ, ಪಿಂಚಣಿ ಯಾರು ನಡೆಸುತ್ತಾರೆ? ಇದಕ್ಕೆ ಡಿಗ್ರೋತ್ ಅನ್ನುವವರಿಂದ ಸರಿಯಾದ ಉತ್ತರ ನಾನಿನ್ನೂ ಕೇಳಿಲ್ಲ. ತಂತ್ರಜ್ಞಾನ ಸುಧಾರಿಸಿದರೆ ಕಡಿಮೆ ಶಕ್ತಿಯಲ್ಲೇ ಜಾಸ್ತಿ ಮಾಡಬಹುದಲ್ಲ, ಎಲ್‌ಇಡಿ ಬಲ್ಬ್ ಇದೆಯಲ್ಲ?

ಮ್ಯೂನಿಕ್ ಕನ್ನಡಿಗ:
ಲಾಕ್‌ಡೌನ್ ಉದಾಹರಣೆಗೆ ಇನ್ನೊಂದು ಜೋಡಿಸುತ್ತೇನೆ. 2022ರಲ್ಲಿ ರಷ್ಯಾದ ಗ್ಯಾಸ್ ನಿಂತಾಗ ನಾನು ಇಲ್ಲೇ ಇದ್ದೆ. ಸೆಪ್ಟೆಂಬರ್ 1ರಿಂದ ಸರ್ಕಾರಿ ಕಚೇರಿಗಳಲ್ಲಿ ಹೀಟರ್ 19 ಡಿಗ್ರಿಗಿಂತ ಮೇಲೆ ಇಡುವಂತಿಲ್ಲ ಅಂತ ನಿಯಮ ಬಂತು. ಸ್ಮಾರಕಗಳ ಮೇಲಿನ ದೀಪ ಆರಿಸಿದರು. ರಾತ್ರಿ 10ರ ಮೇಲೆ ಜಾಹೀರಾತು ಫಲಕಗಳೂ ಆರಿದವು. ನಾನು ಎರಡು ಸ್ವೆಟರ್ ಹಾಕಿ ಕೂತು ಕೆಲಸ ಮಾಡಿದೆ. ಆ ವರ್ಷ ಜರ್ಮನಿಯ ಗ್ಯಾಸ್ ಬಳಕೆ ಹಿಂದಿನ ನಾಲ್ಕು ವರ್ಷಗಳ ಸರಾಸರಿಗಿಂತ ಸುಮಾರು 14% ಇಳಿಯಿತು.

ಅದರಲ್ಲಿ ಎರಡು ಥರ ಇತ್ತು. ದೀಪ ಆರಿಸಿದ್ದು, ಸ್ವೆಟರ್ ಹಾಕಿದ್ದು ಒಂದು ಥರ, ಅದರಿಂದ ಯಾರಿಗೂ ಏನೂ ಆಗಲಿಲ್ಲ. ಬೆಲೆ ತಾಳಲಾರದೆ ಕಾರ್ಖಾನೆಗಳು ಉತ್ಪಾದನೆ ಇಳಿಸಿದ್ದು, ವಯಸ್ಸಾದವರು ಬಿಲ್ಲಿಗೆ ಹೆದರಿ ಚಳಿಯಲ್ಲಿ ಕೂತದ್ದು ಇನ್ನೊಂದು ಥರ. ಕೊರತೆ ಬಂದು ಕತ್ತು ಹಿಡಿದಾಗ ಇಳಿಯುವುದು ಬೇರೆ, ಯಾವುದನ್ನು ಬಿಡಬೇಕು ಅಂತ ಕೂತು ತೀರ್ಮಾನಿಸಿ ಇಳಿಯುವುದು ಬೇರೆ. ಲಾಕ್‌ಡೌನ್ ಕತ್ತು ಹಿಡಿದ ಥರದ್ದು. ಡಿಗ್ರೋತ್ ಅನ್ನುವವರು ಕೇಳುತ್ತಿರುವುದು ಕೂತು ತೀರ್ಮಾನಿಸಿ ಇಳಿಯುವುದನ್ನು. ಮತ್ತೆ ಅದನ್ನು ಅವರು ಮುಖ್ಯವಾಗಿ ಕೇಳುತ್ತಿರುವುದು ನಾನು ಈಗ ಇರುವಂಥ ದೇಶಗಳನ್ನೇ. ರಾಯಚೂರಿನ ಅಕ್ಕ ಹೇಳಿದ್ದು ಅವರ ವಾದದ ಒಳಗೇ ಇದೆ.

ಹಿನ್ನೀರಿನವ:
ಅರ್ಥಶಾಸ್ತ್ರ ಓದುತ್ತಿರುವ ತಮ್ಮನ ಪ್ರಶ್ನೆ ಗಟ್ಟಿ ಪ್ರಶ್ನೆ. ಪಿಂಚಣಿಗೆ ನನ್ನ ಹತ್ತಿರ ಉತ್ತರ ಇಲ್ಲ. ಎಲ್‌ಇಡಿಗೆ ಇದೆ.

1865ರಲ್ಲೇ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಜೆವನ್ಸ್ ಇದನ್ನು ಗಮನಿಸಿದ್ದ. ಉಗಿಯಂತ್ರ ಸುಧಾರಿಸಿ ಕಡಿಮೆ ಕಲ್ಲಿದ್ದಲು ಸಾಕು ಅಂತಾದಾಗ ಕಲ್ಲಿದ್ದಲು ಉಳಿಯಲಿಲ್ಲ, ಯಂತ್ರವೇ ಅಗ್ಗವಾಗಿ ಎಲ್ಲಾ ಕಡೆ ಬಂತು, ಒಟ್ಟು ಬಳಕೆ ಏರಿತು. ನಮ್ಮಲ್ಲಿ ಉಜಾಲಾ ಯೋಜನೆಯಲ್ಲಿ 36 ಕೋಟಿಗೂ ಮೇಲೆ ಎಲ್‌ಇಡಿ ಬಲ್ಬ್ ಹಂಚಿದರು. ಒಳ್ಳೆಯ ಕೆಲಸ, ನಮ್ಮ ಮನೆಗೂ ಬಂತು. ಆದರೆ ಸಾಗರದ ಪೇಟೆಯಲ್ಲಿ ಈಗ ಕಟ್ಟಡದ ಹೊರಗೋಡೆಗೆಲ್ಲಾ ರಾತ್ರಿಯಿಡೀ ಬಣ್ಣದ ಪಟ್ಟಿ ಉರಿಯುತ್ತದೆ. ಮೊದಲು ಹಬ್ಬಕ್ಕೆ ಮಾತ್ರ ಇತ್ತು. ಉಳಿಸಿದ್ದನ್ನು ಹಿಡಿದಿಡಲು ಒಂದು ಮಿತಿ ಹಾಕಿಕೊಳ್ಳದಿದ್ದರೆ ಅದು ಸೋರಿಹೋಗುತ್ತದೆ.

2020ರಲ್ಲಿ ಲೀಡ್ಸ್ ವಿಶ್ವವಿದ್ಯಾಲಯದವರ ನೇತೃತ್ವದಲ್ಲಿ ಒಂದು ಲೆಕ್ಕ ಬಂತು. 2050ರಲ್ಲಿ ಭೂಮಿಯ ಮೇಲಿರುವ ಎಲ್ಲರಿಗೂ ಮನೆ, ಬಿಸಿನೀರು, ಆಸ್ಪತ್ರೆ, ಶಾಲೆ, ಫ್ರಿಜ್, ಫೋನು, ಓಡಾಟ, ಚಳಿ ಸೆಕೆಗೆ ತಕ್ಕ ಅನುಕೂಲ ಕೊಡಲು ಜಗತ್ತು ಈಗ ಬಳಸುವ ಶಕ್ತಿಯ 40% ಸಾಕು ಅಂತ. ಒಳ್ಳೆಯ ತಂತ್ರಜ್ಞಾನ ಇರಬೇಕು, ಮೇಲಿನವರ ಅತಿ ಬಳಕೆ ಇಳಿಯಬೇಕು, ಎರಡೂ ಷರತ್ತು. ಅಂದರೆ ನಿಮ್ಮವ್ವನ ಫ್ಯಾನಿಗೆ ಜಾಗ ಇದೆ ಅಕ್ಕ. ಧಾರಾಳವಾಗಿ ಇದೆ. ಜಾಗ ಇಲ್ಲದಿರುವುದು ಬೇರೆಯದಕ್ಕೆ.

ಇದು ಬರೀ ಹೊರಗಿನ ವಿಚಾರವೂ ಅಲ್ಲ. ಗಾಂಧೀಜಿ ಜೊತೆ ಕೆಲಸ ಮಾಡಿದ ಜೆ.ಸಿ. ಕುಮಾರಪ್ಪ 1940ರ ದಶಕದಲ್ಲೇ ಕಲ್ಲಿದ್ದಲು, ಎಣ್ಣೆಯಂಥ ತೀರಿಹೋಗುವ ಸಂಪತ್ತನ್ನು ಒಂದು ಕಡೆ, ಕಾಡು ನೀರಿನಂಥ ಮತ್ತೆ ಮತ್ತೆ ತುಂಬುವುದನ್ನು ಇನ್ನೊಂದು ಕಡೆ ಇಟ್ಟು, ಮೊದಲನೆಯದರ ಮೇಲೆ ನಿಂತ ಬದುಕು ಜಗಳಕ್ಕೇ ಹೋಗುತ್ತದೆ ಅಂತ ಬರೆದಿದ್ದರು. ನಾವು ತುಂಬುವುದನ್ನೂ ತೀರಿಹೋಗುವಂತೆ ಮಾಡಿದೆವು, ಕೋಲಾರದಲ್ಲಿ ನೋಡಿ.

ಕುರಿ ದಾರಿ:
ನಾನು ಪಾವಗಡದವನು. ಎಲ್ಲರೂ ಸೋಲಾರ್ ಅಂದಾಗ ನಮ್ಮ ಊರು ನೆನಪಿಸಿಕೊಳ್ಳಿ. 2,050 ಮೆಗಾವ್ಯಾಟ್, ಸುಮಾರು 13,000 ಎಕರೆ. ಭೂಮಿ ಕೊಂಡುಕೊಳ್ಳಲಿಲ್ಲ, ಗುತ್ತಿಗೆಗೆ ತೆಗೆದುಕೊಂಡರು, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು. ಬರಡು ಬಿದ್ದಿದ್ದ ಹೊಲಕ್ಕೆ ಪ್ರತಿ ವರ್ಷ ದುಡ್ಡು ಬರುವುದು ಸಣ್ಣ ಮಾತಲ್ಲ, ಭೂಮಿ ಇದ್ದವರಿಗೆ ನಿಜವಾಗಿ ಅನುಕೂಲ ಆಯಿತು. ಮಾವನ ಮನೆಯವರಿಗೂ ಆಗಿದೆ.

ನಮ್ಮದು ಕುರಿ ಮನೆತನ. ಸ್ವಂತ ಭೂಮಿ ಇಲ್ಲ. ಸುಗ್ಗಿ ಮುಗಿದ ಹೊಲಗಳಲ್ಲಿ ಕುರಿ ಬಿಟ್ಟುಕೊಂಡು ಹೋಗುತ್ತಿದ್ದೆವು, ಹಿಕ್ಕೆ ಅವರಿಗೆ, ಮೇವು ನಮಗೆ. ಈಗ ಮೈಲಿಗಟ್ಟಲೆ ಬೇಲಿ. ಅಪ್ಪ ಕುರಿ ಮಾರಿದರು. ಕಡ್ಲೆಕಾಯಿ ಬಿಡಿಸುವ ಕೂಲಿಗೆ ಹೋಗುತ್ತಿದ್ದ ಹೆಂಗಸರಿಗೂ ಆ ಕೆಲಸ ಹೋಯಿತು. ಸೋಲಾರ್ ಬೇಡ ಅಂತ ಹೇಳುತ್ತಿಲ್ಲ. ಬಿಸಿಲು ಪುಕ್ಕಟೆ ಸಿಗಬಹುದು, ನೆಲ ಸಿಗುವುದಿಲ್ಲ. ಬೇಡಿಕೆ ಎಂಟು ಪಟ್ಟು ಆದರೆ ಇಂಥ ಎಷ್ಟು ಬೇಲಿ ಅಂತ ಗ್ರಿಡ್ ಸರ್ ಲೆಕ್ಕ ಹಾಕಲಿ.

ಗ್ರಿಡ್ ಗೆಳೆಯ:
ಹಾಕಿದೆ. ಇಲ್ಲಿ ಬರೆಯಲು ಮನಸ್ಸಾಗುತ್ತಿಲ್ಲ.

ಕೈಯಲ್ಲಿ ಆಗುವುದನ್ನು ಹೇಳುತ್ತೇನೆ. ಒಂದು, ಪಂಪ್‌ಸೆಟ್‌ಗಳಿಗೆ ಪೂರ್ತಿ ಹಗಲಲ್ಲೇ ಕರೆಂಟ್ ಕೊಡುವುದು. ಬಿಸಿಲು ಇದ್ದಾಗಲೇ ಖರ್ಚಾದರೆ ಕೂಡಿಡುವ ಗೋಜಿಲ್ಲ, ರೈತರು ರಾತ್ರಿ 2 ಗಂಟೆಗೆ ಹಾವಿನ ಭಯದಲ್ಲಿ ಸ್ಟಾರ್ಟರ್ ಒತ್ತಲು ಹೋಗುವುದೂ ತಪ್ಪುತ್ತದೆ. ಪಂಪ್‌ಸೆಟ್‌ಗಳಿಗೆ ಕರೆಂಟ್ ತರುವ ಲೈನಿನ (ಫೀಡರ್) ಪಕ್ಕದಲ್ಲೇ ಸೋಲಾರ್ ಹಾಕುವ ಕುಸುಮ್ ಯೋಜನೆಯ ಕೆಲಸ ಕೆಲವು ಕಡೆ ಆಗುತ್ತಿದೆ, ಅದು ವೇಗವಾಗಲಿ. ಎರಡು, ಹಳೆಯ ಸೀಲಿಂಗ್ ಫ್ಯಾನ್ 75 ವ್ಯಾಟ್ ತಿನ್ನುತ್ತದೆ, ಬಿಎಲ್‌ಡಿಸಿ ಅನ್ನುವ ಹೊಸ ಬಗೆಯ ಮೋಟಾರಿನ ಫ್ಯಾನಿಗೆ 30ರ ಆಸುಪಾಸು ಸಾಕು. ರಾಯಚೂರಿನ ಅಕ್ಕನ ಮನೆಗೆ ಅದನ್ನು ಸರ್ಕಾರವೇ ಕೊಡಬೇಕು, ಒಂದು ಗುಡ್ಡ ಕೊರೆಯುವುದಕ್ಕಿಂತ ಅದು ಅಗ್ಗ ಅಂತ ನನ್ನ ಅಂದಾಜು. ಮೂರನೆಯದು ಹೇಳಿದರೆ ಬೈಸಿಕೊಳ್ಳುತ್ತೇನೆ. ಸಂಜೆ ಹೊತ್ತು ಜಾಸ್ತಿ ಬಳಸುವ ದೊಡ್ಡ ಮನೆ, ಮಾಲ್, ಜಾಹೀರಾತು ಫಲಕಗಳಿಗೆ ಆ ಹೊತ್ತಿನ ದರ ಏರಬೇಕು. ಬಡವರ ಮೊದಲ ಯೂನಿಟ್‌ಗಳಿಗೆ ಕೈ ಹಚ್ಚಬಾರದು.

ಇಷ್ಟನ್ನೂ ಮಾಡಿ, ಆಮೇಲೂ ಬೇಕಾದರೆ ಆಗ ಶರಾವತಿಯ ಮಾತು ಎತ್ತಲಿ. ಈಗ ಆಗುತ್ತಿರುವುದು ಉಲ್ಟಾ.

ಕೃಷ್ಣಾ ತೀರ:
ಈಗ ಒಪ್ಪುತ್ತೇನೆ. ಮೊದಲೇ ಹೀಗೆ, ಯಾರು ಎಷ್ಟು ಅಂತ ಹೇಳಿದ್ದರೆ ನನಗೆ ಕೋಪ ಬರುತ್ತಿರಲಿಲ್ಲ. ಮಿತಿ ಅನ್ನುವ ಮಾತು ಶುರುವಾದ ಕೂಡಲೇ ಅದು ನಮ್ಮ ತಲೆ ಮೇಲೇ ಬೀಳುತ್ತದೆ ಅಂತ ಅನುಭವ. ಒಂದು ಷರತ್ತು ನನ್ನದೂ ಬರೆದುಕೊಳ್ಳಿ. ಮೊದಲು ಇಳಿಯುವವರು ಇಳಿದು ತೋರಿಸಲಿ, ಆಮೇಲೆ ನಮಗೆ ಪಾಠ.

ಹತ್ತನೇ ಮಹಡಿ:
ಇಳಿಯಬೇಕಾದವರಲ್ಲಿ ನಾನಿದ್ದೇನೆ, ಗೊತ್ತು. ಎಷ್ಟು ಅಂತ ಗೊತ್ತಿಲ್ಲ. ನಾವು ಬಿಲ್ ನೋಡುತ್ತೇವೆ, ಸಂಜೆ ಎಷ್ಟು ಸುಡುತ್ತೇವೆ ಅಂತ ಒಮ್ಮೆಯೂ ನೋಡಿಲ್ಲ.

ಹಿನ್ನೀರಿನವ:
ಹಾಗಾದರೆ ಒಂದು ಕೆಲಸ ಮಾಡೋಣ. ಒಂದು ತಿಂಗಳು ಸಂಜೆ 6ಕ್ಕೆ ಮತ್ತು ರಾತ್ರಿ 10ಕ್ಕೆ ಮೀಟರ್ ನೋಡಿ ಇಲ್ಲಿ ಬರೆಯೋಣ. ಮನೆಯಲ್ಲಿ ಎಷ್ಟು ಜನ ಅಂತಲೂ ಬರೆಯಿರಿ. ಪಂಪ್‌ಸೆಟ್ ಇದ್ದವರು ನೀರಿನ ಆಳ ಬರೆಯಿರಿ. ನಮ್ಮ ಮನೆಯದ್ದು ನಾನೇ ಶುರು ಮಾಡುತ್ತೇನೆ. ಐದು ಜನ. ಸ್ನಾನದ ನೀರಿಗೆ ಹಂಡೆ, ಅಡಿಕೆ ಹಾಳೆಯ ಉರಿ. ಎರಡು ಫ್ಯಾನ್, ಟಿವಿ, ಫ್ರಿಜ್, ನಾಲ್ಕು ಬಲ್ಬ್. ನಿನ್ನೆ ಆ ನಾಲ್ಕು ಗಂಟೆಗಳಲ್ಲಿ 0.8 ಯೂನಿಟ್.

ಕೋಲಾರದ ರೈತ:
ಮನೆಗೆ 0.7. ಆರು ಜನ. ನೀರಿನ ಆಳ 1,200 ಅಂದಿದ್ದೆ. ಮೊನ್ನೆ ಎರಡು ಪೈಪ್ ಸೇರಿಸಿ ಇಳಿಸಿದೆವು, ಈಗ 1,240.

ಹತ್ತನೇ ಮಹಡಿ:
ಇವತ್ತು ಸಂಜೆ 6ಕ್ಕೆ 4,312.0. ರಾತ್ರಿ 10ಕ್ಕೆ 4,316.6. ಮೂರು ಜನ. ಎರಡು ಎಸಿ, ಒಂದು ಗೀಸರ್, ಇಂಡಕ್ಷನ್ ಒಲೆ. ಒಂದು ರೂಮಿನಲ್ಲಿ ಎಸಿ ಓಡುತ್ತಿತ್ತು, ಅಲ್ಲಿ ಯಾರೂ ಇರಲಿಲ್ಲ. ನಾಳೆ ಮತ್ತೆ ಬರೆಯುತ್ತೇನೆ.